ಕತ್ತಿನ ಲೆಕ್ಕ

ನಮ್ಮ ದೊಡ್ಡಪ್ಪನ ಕತ್ತು ಊರಿಗೇ ಹೆಸರಾಗಿದ್ದ ಕತ್ತು. ಕೃಷ್ಣರಾಜನಗರದ ಸಂತೆಯಲ್ಲಿ ಸಿದ್ಧ ಅಂಗಿ ಮಾರುವವನು ಅವರನ್ನು ದೂರದಿಂದ ಕಂಡೊಡನೆಯೇ ಕೈಯಾಡಿಸಿ, "ನಿಮ್ಮ ಅಳತೆ ನಮ್ಮಲ್ಲಿಲ್ಲ ಪೈಲ್ವಾನರೇ" ಎಂದು ನಗುತ್ತಿದ್ದನಂತೆ. ಕಿವಿಯ ಕೆಳಗಿನಿಂದ ಹೊರಟ ಕತ್ತು ಎಲ್ಲಿಯೂ ಸಣ್ಣಗಾಗದೆ ಹಾಗೆಯೇ ಭುಜಕ್ಕೆ ಇಳಿದುಬಿಡುತ್ತಿತ್ತು. ಕಿವಿಗಳೆರಡೂ ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದುಡಿ ಗಂಟಾಗಿದ್ದವು. ಗರಡಿಯವರಿಗೆ ಅಂಥ ಕಿವಿ ಒಂದು ಪದಕವಿದ್ದಂತೆ. ಹೊಸಬರು ಯಾರಾದರೂ ಬಂದರೆ ಮೊದಲು ಕಿವಿ ನೋಡುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ. ಕುಸ್ತಿ ಹೊರಗೆ ಮಾಡಿದ ಗುರುತು ಕಿವಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಒಳಗೆ ಮಾಡಿದ್ದು ಏನೆಂಬುದು ನಮಗೆ ತಿಳಿಯುವುದಕ್ಕೆ ಇನ್ನೂ ಮೂವತ್ತು ವರ್ಷ ಬೇಕಾಗಿತ್ತು.

ನಾನು ಐದಾರು ವರ್ಷದ ಹುಡುಗನಾಗಿದ್ದಾಗ, ಎಂದರೆ 1960ರ ಸುಮಾರಿನಲ್ಲಿ, ಬೆಳಗಿನ ಜಾವ ಅವರ ಹಿಂದೆಯೇ ಗರಡಿಗೆ ಹೋಗುತ್ತಿದ್ದೆ. ತಗ್ಗು ಬಾಗಿಲು, ಒಳಗೆ ಮಬ್ಬುಗತ್ತಲೆ, ಎಣ್ಣೆ ಅರಿಸಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ವಾಸನೆ. ದಂಡೆ, ಬಸ್ಕಿ ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಅಂಗಾತ ಮಲಗಿ, ನೆತ್ತಿಯನ್ನು ಮಣ್ಣಿಗೆ ಊರಿ, ಮೈಯನ್ನು ಮೇಲಕ್ಕೆ ಕಮಾನಿನಂತೆ ಎತ್ತುತ್ತಿದ್ದರು. ನೆಲಕ್ಕೆ ತಾಗಿರುತ್ತಿದ್ದುದು ಎರಡು ಅಂಗಾಲು ಮತ್ತು ತಲೆ ಮಾತ್ರ. ಆಗ ಉಸ್ತಾದರು ನನ್ನನ್ನು ಎತ್ತಿ ಅವರ ಹೊಟ್ಟೆಯ ಮೇಲೆ ಕೂರಿಸುತ್ತಿದ್ದರು. ನಾನು ಕುದುರೆ ಸವಾರಿಯೆಂದು ಕುಣಿಯುತ್ತಿದ್ದೆ. ಕಮಾನು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಆ ತೂಕವೆಲ್ಲ ಹೋಗಿ ಬೀಳುತ್ತಿದ್ದುದು ಎಲ್ಲಿಗೆ ಎಂದು ನಾನೂ ಕೇಳಲಿಲ್ಲ, ಅವರೂ ಕೇಳಲಿಲ್ಲ. ಎದುರಾಳಿ ಎತ್ತಿ ಹಾಕಿದಾಗ ಬೆನ್ನು ಮಣ್ಣಿಗೆ ತಾಗದಂತೆ ಕಾಯುವುದು ಕತ್ತು. ಆದ್ದರಿಂದ ಕತ್ತನ್ನು ಕಂಬ ಮಾಡಬೇಕು. ಗರಡಿಯ ಶಾಸ್ತ್ರ ಅಷ್ಟೆ.

ಈ ಶಾಸ್ತ್ರ ನಮ್ಮ ಸೀಮೆಯಲ್ಲಿ ಇಂದು ನೆನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಅಲ್ಲಿ ವಿಂಗಡಿಸಿದ್ದಾನೆ. ಅವರ ಸಾಧನೆಗಳಿಗೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಹೆಸರು ಕೊಟ್ಟಿದ್ದಾನೆ. ಭಾರ ಹೊರುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬದ ಮೇಲೆ ಕಸರತ್ತು ಮಾಡುವುದು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳು ಆ ಜ್ಯೇಷ್ಠಿ ಎಂಬ ಹೆಸರನ್ನೇ ಇಂದಿಗೂ ಹೊತ್ತಿದ್ದಾರೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರಿಗೆ ಜನ ರಣಧೀರ ಎಂದು ಬಿರುದು ಕೊಟ್ಟು, ಅವರು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಗೆದ್ದ ಕಥೆಯನ್ನು ಈಗಲೂ ಹೇಳುತ್ತಾರೆ. ದಸರಾ ಕುಸ್ತಿಯ ದೊಡ್ಡ ಬಿರುದುಗಳಲ್ಲಿ 'ದಸರಾ ಕಂಠೀರವ' ಒಂದು. ಕಂಠೀರವ ಎಂದರೆ ಸಿಂಹ, ಕಂಠದಲ್ಲಿ ಗರ್ಜನೆಯುಳ್ಳದ್ದು. ಹೇಗೆ ನೋಡಿದರೂ ನಮ್ಮ ಪೈಲ್ವಾನರ ಕೀರ್ತಿ ಕತ್ತಿನ ಸುತ್ತಲೇ ಇತ್ತು.

ದೊಡ್ಡಪ್ಪನಿಗೆ ಕಂಠೀರವ ಬಿರುದು ಸಿಗಲಿಲ್ಲ. ಸುತ್ತಿನ ಜಾತ್ರೆಗಳಲ್ಲಿ ಜೋಡಿ ಕಟ್ಟಿ ಆಡಿ ಗೆದ್ದ ಒಂದು ಬೆಳ್ಳಿಯ ಗದೆ, ಒಂದೆರಡು ಪೇಟ, ನಾಲ್ಕು ತಾಲ್ಲೂಕಿನಲ್ಲಿ ಹೆಸರು, ಇಷ್ಟು ಸಿಕ್ಕಿತ್ತು. ನಲವತ್ತು ದಾಟಿದ ಮೇಲೆ ಅಖಾಡ ಬಿಟ್ಟು ಗದ್ದೆ ನೋಡಿಕೊಂಡರು.

ಅವರಿಗೆ ಅರವತ್ತು ಸಮೀಪಿಸಿದಾಗ ಕೈ ತಪ್ಪತೊಡಗಿತು. ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಯಿತು. ಆಮೇಲೆ ಎಲೆ ಅಡಿಕೆಗೆ ಸುಣ್ಣ ಹಚ್ಚುವಾಗ ಬೆರಳು ಮಾತು ಕೇಳದಾಯಿತು. ಕತ್ತಲೆಯಲ್ಲಿ ನಡೆದರೆ ಹೆಜ್ಜೆ ಅತ್ತಿತ್ತ ಬೀಳುತ್ತಿತ್ತು. ವಾಯುವೆಂದು ಎಣ್ಣೆ ತಿಕ್ಕಿದ್ದಾಯಿತು. ನಿಶ್ಶಕ್ತಿಯೆಂದು ಸೂಜಿ ಹಾಕಿಸಿದ್ದಾಯಿತು. ಕುಡಿತದ ಸುಳಿವಿಲ್ಲದ ಮನುಷ್ಯ ಓಲಾಡುತ್ತ ನಡೆಯುವುದನ್ನು ಕಂಡು ಊರಿನ ಕೆಲವರು ಕುಹಕವಾಡಿದ್ದೂ ಆಯಿತು. ಕೊನೆಗೆ 1988ರಲ್ಲಿ ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ವೈದ್ಯರು ಕತ್ತಿನ ಎಕ್ಸ್-ರೇ ತೆಗೆಸಿ, ಬೆಳಕಿನ ಹಲಗೆಗೆ ಸಿಕ್ಕಿಸಿ, ಪೆನ್ಸಿಲ್ಲಿನ ತುದಿಯಿಂದ ತೋರಿಸಿದರು.

ಕತ್ತಿನಲ್ಲಿ ಏಳು ಮೂಳೆ. ಮೇಲಿನ ಎರಡನ್ನು ಬಿಟ್ಟರೆ ಉಳಿದವುಗಳ ನಡುನಡುವೆ ಒಂದೊಂದು ಮೆತ್ತೆ. ಅದರ ಮೇಲೆ ಹೆಚ್ಚು ಕಡಿಮೆ ಐದು ಕಿಲೋ ತೂಗುವ ತಲೆ. ಮೂಳೆಗಳ ಹಿಂದಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಮೆತ್ತೆ ಒಣಗಿ ತೆಳ್ಳಗಾದರೆ ಮೂಳೆಗೆ ಮೂಳೆ ಹತ್ತಿರವಾಗುತ್ತದೆ. ಒತ್ತಡ ತಾಳಲೆಂದು ಮೂಳೆ ತನ್ನ ಅಂಚಿನಲ್ಲಿ ಮೊನೆ ಬೆಳೆಸಿಕೊಳ್ಳುತ್ತದೆ. ಮೊನೆ ಹಿಂದಕ್ಕೆ ಬೆಳೆದರೆ ಕೊಳವೆ ಕಿರಿದಾಗಿ ಬೆನ್ನುಹುರಿ ಅದುಮಿಕೊಳ್ಳುತ್ತದೆ. ಆಗ ಕೆಡುವುದು ಕತ್ತಲ್ಲ, ಕೈ ಮತ್ತು ಕಾಲು. ಎಷ್ಟೋ ಮಂದಿಗೆ ಕತ್ತು ನೋಯುವುದೂ ಇಲ್ಲ. ಆದ್ದರಿಂದ ಯಾರೂ ಕತ್ತಿನ ಕಡೆ ನೋಡುವುದಿಲ್ಲ. ಇಂಗ್ಲೆಂಡಿನ ನರರೋಗತಜ್ಞ ರಸೆಲ್ ಬ್ರೈನ್ ಮತ್ತು ಅವರ ಸಂಗಡಿಗರು 1952ರಲ್ಲಿ ಬರೆದ ದೊಡ್ಡ ಲೇಖನದಿಂದ ಈ ಕಾಯಿಲೆಯ ರೂಪ ವೈದ್ಯಲೋಕಕ್ಕೆ ಸ್ಪಷ್ಟವಾಯಿತು. ಅದೇ ಕಾಲದಲ್ಲಿ ನಮ್ಮ ದೊಡ್ಡಪ್ಪ ಗರಡಿಯ ಮಣ್ಣಿನಲ್ಲಿ ನೆತ್ತಿಯೂರಿ ಕಮಾನು ಕಟ್ಟುತ್ತಿದ್ದರು.

"ಬೆಂಗಳೂರಿಗೆ ಹೋದರೆ ಆಪರೇಷನ್ ಮಾಡುತ್ತಾರೆ. ಇನ್ನಷ್ಟು ಕೆಡದಂತೆ ತಡೆಯಬಹುದು, ಹೋದದ್ದೆಲ್ಲ ಬರುತ್ತದೆಂದು ಹೇಳಲಾರೆ" ಎಂದರು ವೈದ್ಯರು. ದೊಡ್ಡಪ್ಪ ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಬಸ್ಸಿನಲ್ಲಿ ಬರುವಾಗ ಅವರ ಮನಸ್ಸು ಬೇರೆಲ್ಲೋ ಓಡುತ್ತಿತ್ತು. "ಪಿರಿಯಾಪಟ್ಟಣದಲ್ಲಿ ಒಬ್ಬ ನನ್ನ ಕತ್ತು ಹಿಡಿದು ತಿರುಚಿದ್ದ ಕಣೋ. ಇಲ್ಲ, ಅದಕ್ಕೂ ಮುಂಚೆ ಹುಣಸೂರಲ್ಲಿ ತಲೆ ಕೆಳಗಾಗಿ ಬಿದ್ದಿದ್ದೆ. ಅದೇ ಇರಬೇಕು." ಸಾಯುವ ತನಕ ಅವರು ಹುಡುಕಿದ್ದು ಇದನ್ನೇ. ತನ್ನ ಕತ್ತನ್ನು ಕೆಡಿಸಿದ ಆ ಒಂದು ಪಟ್ಟು ಯಾವುದು, ಆ ಒಬ್ಬ ಎದುರಾಳಿ ಯಾರು? ಒಂದು ಬೀಳಿನಿಂದ ಅಷ್ಟು ಸವೆಯುವುದಿಲ್ಲ, ವರ್ಷಾನುಗಟ್ಟಲೆಯ ಭಾರದಿಂದ ಸವೆದದ್ದು ಎಂದು ವೈದ್ಯರು ಹೇಳಿದ್ದನ್ನು ನಾನು ಎಷ್ಟು ಸಲ ನೆನಪಿಸಿದರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಪೈಲ್ವಾನನಿಗೆ ಸೋಲೆಂದರೆ ಒಬ್ಬ ಗೆದ್ದವನು ಇರಲೇಬೇಕು. 1991ರಲ್ಲಿ ತೀರಿಕೊಂಡರು. ಆಪರೇಷನ್ ಮಾಡಿಸಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಒಬ್ಬ ಪೈಲ್ವಾನನ ಕಥೆಯಾಗುತ್ತಿತ್ತು, ನಾನೂ ಹಾಗೆಯೇ ಹತ್ತು ಜನರ ಮುಂದೆ ಹೇಳಿಕೊಂಡು ತಿರುಗಿದೆ. ಆದರೆ ನಾಲ್ಕು ವರ್ಷದ ಮೇಲೆ, 1995ರಲ್ಲಿ, ದೊಡ್ಡಮ್ಮನ ಕೈಯಿಂದ ಲೋಟ ಜಾರತೊಡಗಿತು. ಸೂಜಿಗೆ ದಾರ ಪೋಣಿಸಲಾರೆ ಎಂದರು. ಕಣ್ಣು ಮಂಜಾಗಿದೆಯೆಂದು ಕನ್ನಡಕ ಮಾಡಿಸಿದೆವು. ಕನ್ನಡಕದಲ್ಲಿಯೂ ದಾರ ಹೋಗಲಿಲ್ಲ. ಮತ್ತೆ ಮೈಸೂರು, ಮತ್ತೆ ಎಕ್ಸ್-ರೇ. ಬೆಳಕಿನ ಹಲಗೆಯ ಮೇಲೆ ನೋಡಿದಾಗ, ಇದು ದೊಡ್ಡಪ್ಪನದೇ ಹಳೆಯ ಚಿತ್ರವೇನೋ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಅದೇ ತೆಳ್ಳಗಾದ ಮೆತ್ತೆ, ಅದೇ ಮೊನೆಗಳು. ನಾನು ದೊಡ್ಡಪ್ಪನ ವಿಚಾರ ಹೇಳಿ, "ಅವರದು ಕುಸ್ತಿಯಿಂದ ಆದದ್ದು" ಎಂದೆ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಸೆರಗು ಸರಿಮಾಡಿಕೊಳ್ಳುತ್ತ, "ಅಂಗಾರೆ ನಾನ್ಯಾವ ಕುಸ್ತಿ ಆಡಿದ್ದೆ ಕಣಪ್ಪ?" ಎಂದರು.

ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ. "ತಲೆಯ ಮೇಲೆ ಏನೇನು ಹೊರುತ್ತಿದ್ದಿರಿ ತಾಯಿ?"

ದೊಡ್ಡಮ್ಮ ಹುಟ್ಟಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ. ಎಂಟು ವರ್ಷಕ್ಕೇ ಸೌದೆ ಹೊರೆ ತಲೆಗೆ ಬಂತು. ಮದುವೆಯಾಗಿ ಕಾವೇರಿಯ ಕಡೆಗೆ ಬಂದ ಮೇಲೆ ನೀರು, ಹುಲ್ಲು, ಗೊಬ್ಬರ, ಭತ್ತದ ಕಂತೆ. ನಡುವೆ ಹತ್ತು ಹನ್ನೆರಡು ವರ್ಷ ಪಿರಿಯಾಪಟ್ಟಣದ ಕಡೆ ತಮ್ಮನ ಜಮೀನಿನಲ್ಲಿ ಹೊಗೆಸೊಪ್ಪಿನ ಸುಗ್ಗಿಗೆ ಹೋಗಿ ನಿಲ್ಲುತ್ತಿದ್ದರು. ವರ್ಜೀನಿಯಾ ಹೊಗೆಸೊಪ್ಪು ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಕೆಂಪು ನೆಲವನ್ನು ಹಿಡಿದದ್ದು ನಮ್ಮ ಕಣ್ಣ ಮುಂದೆಯೇ. 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಿಂದ ಹರಾಜು ಕಟ್ಟೆಗಳು ನಡೆದವು. ಕಟ್ಟೆಯಲ್ಲಿ ತೂಗುವುದು ಬ್ಯಾರನ್ನಿನಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು. ಹೊಲದಿಂದ ಬ್ಯಾರನ್ನಿಗೆ ಹೆಂಗಸರ ತಲೆಯ ಮೇಲೆ ಬರುವುದು ಹಸಿ ಎಲೆ. ಅದರ ಭಾರದಲ್ಲಿ ಬಹುಪಾಲು ನೀರು. ಒಲೆಗೆ ಹಾಕುವ ಸೌದೆ ಬೇರೆ. ಹರಾಜಿನ ಚೀಟಿಯಲ್ಲಿ ಒಣಗಿದ ಕಿಲೋ ಮಾತ್ರ ಬರೆದಿರುತ್ತದೆ. ಆವಿಯಾಗಿ ಹೋದ ನೀರಿನ ಭಾರ ಯಾರ ಕತ್ತಿನ ಮೇಲೆ ಇತ್ತೋ ಅಲ್ಲಿಯೇ ಉಳಿಯಿತು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಹೇಳಿದವನು. ಆ ರಾತ್ರಿ ಒಂದು ಲೆಕ್ಕ ಹಾಕಿದೆ. ಬರಿಯ ನೀರೊಂದನ್ನೇ ಹಿಡಿದರೂ, ದಿನಕ್ಕೆ ನಾಲ್ಕು ಸಲ, ಸಲಕ್ಕೆ 12 ಕಿಲೋ, ನಲವತ್ತು ವರ್ಷ. ಒಟ್ಟು 7 ಲಕ್ಷ ಕಿಲೋ ದಾಟುತ್ತದೆ. 700 ಟನ್. ಸೌದೆ ಇದರಲ್ಲಿ ಸೇರಿಲ್ಲ, ಹೊಗೆಸೊಪ್ಪು ಸೇರಿಲ್ಲ. ಸೋಮೇಶ್ವರನ ಮಲ್ಲರು ಗೇಯುತ್ತಿದ್ದ ಭಾರಶ್ರಮಕ್ಕೆ ಹೆಸರಿತ್ತು, ಹಾಲು ತುಪ್ಪದ ಊಟವಿತ್ತು. ದೊಡ್ಡಮ್ಮನದಕ್ಕೆ ಹೆಸರೇ ಇರಲಿಲ್ಲ. ಕೇಳಿದರೆ 'ಮನೆ ಕೆಲಸ' ಎನ್ನುತ್ತಿದ್ದರು.

ಆ ಲೆಕ್ಕದಲ್ಲಿ ನನ್ನ ಕೈಯೂ ಇದೆ. ಹೊರೆ ಕಟ್ಟಿದವರು ತಾವೇ ಅದನ್ನು ತಲೆಗೇರಿಸಿಕೊಳ್ಳಲಾರರು, ಇನ್ನೊಬ್ಬರು ಎತ್ತಿಕೊಡಬೇಕು. "ಒಸಿ ಕೈ ಕೊಡ್ಲಾ" ಎಂದು ದೊಡ್ಡಮ್ಮ ಕರೆದಾಗ ಓಡಿಹೋಗಿ ಎತ್ತಿಕೊಡುತ್ತಿದ್ದವನು ನಾನೇ. ಎತ್ತಿಟ್ಟ ಮೇಲೆ ಅವರ ಕತ್ತು ಒಂದು ಕ್ಷಣ ಒಳಕ್ಕೆ ಕುಸಿದು, ಮತ್ತೆ ನೆಟ್ಟಗಾಗಿ, ಸಿಂಬಿಯ ಮೇಲೆ ಹೊರೆ ಕೂತದ್ದು ನನಗೆ ಕಾಣುತ್ತಿತ್ತು. ಎತ್ತಿಕೊಟ್ಟೆನೆಂಬ ಹೆಮ್ಮೆಯೂ ಆಗುತ್ತಿತ್ತು.

ನಮ್ಮ ಸೀಮೆಯವರು ಕತ್ತಿನ ಬೆಲೆ ತಿಳಿಯದವರೇನಲ್ಲ. ಸಂಕ್ರಾಂತಿಯ ಹೊತ್ತಿಗೆ ಸೇರುವ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗಿ ನೋಡಿ. ಹಳ್ಳಿಕಾರ್ ಜೋಡಿಗೆ ಬೆಲೆ ಕಟ್ಟುವ ರೈತ ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಹೆಗಲ ಮೇಲೆ ಅಂಗೈಯಾಡಿಸುತ್ತಾನೆ. ನೊಗ ಉಜ್ಜಿ ಹುಣ್ಣಾಗಿದೆಯೇ, ಗಂಟು ಕಟ್ಟಿದೆಯೇ, ಒಳಗೆ ನೋವಿದೆಯೇ ಎಂದು ಅವನ ಬೆರಳು ತಿಳಿಯುತ್ತದೆ. ಹುಣಸೂರು 19ನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಮುಖ್ಯ ಠಾಣ್ಯವಾಗಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು, ಫಿರಂಗಿ ಎಳೆಯಲು ಸೈನ್ಯಕ್ಕೆ ಎತ್ತು ಒದಗಿಸಿದ ಇಲಾಖೆ ಅದು. ಹುಣಸೂರಿನಲ್ಲಿ ಬಂಡಿ ಕಟ್ಟುವ ಮರದ ಕೋಠಿಯಿತ್ತು, ಚರ್ಮ ಹದಮಾಡುವ ಕಾರ್ಖಾನೆಯಿತ್ತು. ಕೊಡಗಿನ ದಾರಿಯಲ್ಲಿ ಕಾಫಿಯ ಬಂಡಿಗಳು ಇಳಿದು ಬರುತ್ತಿದ್ದವು. ಎತ್ತಿನ ಲೆಕ್ಕ, ಬಂಡಿಯ ಲೆಕ್ಕ, ಮೂಟೆಯ ಲೆಕ್ಕ ಗೆಜೆಟಿಯರುಗಳಲ್ಲಿ ಸಿಗುತ್ತದೆ. ಬಂಡಿಯವರೆಗೆ ಮೂಟೆಯನ್ನು ಹೊತ್ತು ತಂದವರ ಕತ್ತನ್ನು ಸವರಿ ನೋಡಿದವರು ಯಾರೂ ಇದ್ದಂತಿಲ್ಲ.

ಸವರಿ ನೋಡುವವರು ಇದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಂಡದ್ದು ಬಹಳ ದೂರದಲ್ಲಿ. 2016ರಲ್ಲಿ ಮಗಳ ಮನೆಗೆಂದು ನ್ಯೂಜಿಲೆಂಡಿಗೆ ಹೋಗಿದ್ದೆ. ಅಲ್ಲಿ ಶನಿವಾರವೆಂದರೆ ರಗ್ಬಿ. ನಮಗೆ ಆ ಆಟದ ಪರಿಚಯ ಕಡಿಮೆ, ಆದರೆ ನಂಟು ಇಲ್ಲದೆ ಇಲ್ಲ. 1870ರ ದಶಕದಲ್ಲಿ ಕಲ್ಕತ್ತದ ಇಂಗ್ಲಿಷರ ರಗ್ಬಿ ಕ್ಲಬ್ಬು ಮುಚ್ಚಿದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ನಾಗರಹಾವಿನ ಹಿಡಿ, ಮುಚ್ಚಳದ ಮೇಲೆ ಆನೆ. ಅದೇ ಕಲ್ಕತ್ತ ಕಪ್ಪಿಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತಿವೆ.

ಮೊಮ್ಮಗನ ಶಾಲೆಯ ಬಯಲಿನ ಬದಿಯಲ್ಲಿ ನಿಂತು ನೋಡುತ್ತಿದ್ದೆ. ಆಟ ನಿಂತು ಮತ್ತೆ ಶುರುವಾಗುವಾಗ ಎರಡೂ ಕಡೆಯ ಎಂಟೆಂಟು ಮಂದಿ ತೋಳಿಗೆ ತೋಳು ಹೆಣೆದು, ತಲೆ ತಗ್ಗಿಸಿ, ಎದುರು ಬದುರು ನಿಂತರು. ಮುಂದಿನ ಸಾಲಿನ ಮೂವರು ಮೂವರ ತಲೆಗಳು ಒಂದರ ಸಂದಿನಲ್ಲಿ ಒಂದು ಸೇರಿದವು. ಹಿಂದಿನ ಐವರು ಅವರನ್ನು ದೂಡಿದರು. ಸ್ಕ್ರಮ್ ಎನ್ನುತ್ತಾರೆ. ಮುಂದಿನ ಸಾಲಿನ ಹುಡುಗನ ಕತ್ತು ನೋಡಿದೆ. ಕಿವಿಯ ಕೆಳಗಿನಿಂದ ನೇರ ಭುಜಕ್ಕೆ ಇಳಿದಿತ್ತು. ಪಕ್ಕದಲ್ಲಿದ್ದ ಅವನ ಅಜ್ಜನ ಕಿವಿಗಳು ಮುದುಡಿ ಗಂಟಾಗಿದ್ದವು. ನನಗೆ ಕೃಷ್ಣರಾಜನಗರದ ಗರಡಿಯ ಕೆಮ್ಮಣ್ಣಿನ ವಾಸನೆ ಬಂದಂತಾಯಿತು.

ಮನೆಗೆ ಬಂದು ಓದಿ ತಿಳಿದೆ. 1990ರಲ್ಲಿಯೇ ದಕ್ಷಿಣ ಆಫ್ರಿಕದ ಎಕ್ಸ್-ರೇ ತಜ್ಞ ಶೇರ್ ಎಂಬವರು ರಗ್ಬಿ ಆಟಗಾರರ ಕತ್ತು ವಯಸ್ಸಿಗೆ ಮುಂಚೆಯೇ ಸವೆಯುತ್ತದೆ, ಮುಂದೆ ನಿಂತು ದೂಡುವವರದು ಇನ್ನೂ ಹೆಚ್ಚು ಎಂದು ಬರೆದಿದ್ದರು. 1999ರಲ್ಲಿ ಫ್ರಾನ್ಸಿನ ವೈದ್ಯರು ಮುಂದಿನ ಸಾಲಿನವರ ಕತ್ತಿನ ಎಂಆರ್‌ಐ ಚಿತ್ರಗಳನ್ನು ಆಡದವರ ಚಿತ್ರಗಳ ಜೊತೆ ಇಟ್ಟು ನೋಡಿ ಅದನ್ನೇ ಹೇಳಿದರು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಸ್ಕ್ರಮ್ಮಿನಲ್ಲಿ ತಂಡ ಮುನ್ನುಗ್ಗಿ ಡಿಕ್ಕಿ ಹೊಡೆಯುವ ಬಲವನ್ನು ಯಂತ್ರವಿಟ್ಟು ಅಳೆದರು. ಅಂತರರಾಷ್ಟ್ರೀಯ ಮಟ್ಟದ ತಂಡದಲ್ಲಿ ಅದು ಒಂದೂವರೆ ಟನ್ ತೂಕವನ್ನೂ ಮೀರಿತ್ತು. ನ್ಯೂಜಿಲೆಂಡಿನಲ್ಲಿ ಅಪಘಾತಕ್ಕೆ ಸರ್ಕಾರಿ ಪರಿಹಾರ ಸಂಸ್ಥೆಯೊಂದು 1974ರಿಂದ ಇದೆ. ಹಣ ಕೊಡಬೇಕಾದವರು ಎಣಿಸುತ್ತಾರೆ. ಎಣಿಸಿದ ಪುಸ್ತಕ ಇದ್ದುದರಿಂದಲೇ ತರಬೇತಿದಾರರೆಲ್ಲರಿಗೂ 2001ರಿಂದ ಕಡ್ಡಾಯ ಪಾಠ ಬಂತು. ಹಿಂದಿನ ಲೆಕ್ಕದಂತೆ ಮುಂದಿನ ಐದು ವರ್ಷದಲ್ಲಿ ಸ್ಕ್ರಮ್ಮಿನಿಂದ ಸುಮಾರು 9 ಮಂದಿಯ ಬೆನ್ನುಹುರಿ ಶಾಶ್ವತವಾಗಿ ಕೆಡಬೇಕಾಗಿತ್ತು, ಕೆಟ್ಟದ್ದು ಒಬ್ಬನದು. 2013ರಲ್ಲಿ ಆಟದ ನಿಯಮವೇ ಬದಲಾಯಿತು. ದೂರದಿಂದ ನುಗ್ಗಿ ಬಂದು ಡಿಕ್ಕಿ ಹೊಡೆಯಬಾರದು, ಮೊದಲು ಬಾಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಆಮೇಲೆ ದೂಡಬೇಕು. ಡಿಕ್ಕಿಯ ಬಲ ಸುಮಾರು ಕಾಲು ಭಾಗ ತಗ್ಗಿತು. ದೂಡುವುದು ಉಳಿಯಿತು, ಸವೆತವೂ ಉಳಿದೇ ಇದೆ. ಆದರೂ ಕತ್ತಿಗಾಗಿ ಒಂದು ಆಟ ತನ್ನ ನಿಯಮ ತಿದ್ದಿಕೊಂಡಿತಲ್ಲ ಎಂದು ನನಗೆ ಆಶ್ಚರ್ಯವಾಯಿತು.

ತಲೆಹೊರೆಯ ಬಗ್ಗೆಯೂ ಕೆಲವರು ನೋಡಿಲ್ಲದೆ ಇಲ್ಲ. ಆಗಿನ ರೊಡೇಷಿಯಾದಲ್ಲಿದ್ದ ಲೆವಿ ಎಂಬ ನರಶಸ್ತ್ರತಜ್ಞ 1968ರಲ್ಲಿ ಹೊರೆಯಾಳುಗಳ ಕತ್ತಿನ ಪೆಟ್ಟಿನ ಬಗ್ಗೆ ಬರೆದು ಅದಕ್ಕೆ 'ಹಮಾಲಿಯ ಕತ್ತು' ಎನ್ನಬಹುದಾದ ಹೆಸರನ್ನೇ ಇಟ್ಟರು. 1997ರಲ್ಲಿ ಆಫ್ರಿಕದ ತಲೆಹೊರೆಯವರ ಎಕ್ಸ್-ರೇಗಳನ್ನು ಹೊರದವರ ಜೊತೆ ಹೋಲಿಸಿದ ಅಧ್ಯಯನ ಬಂತು. ಹೊರುವವರ ಕತ್ತು ಬಹಳ ಹೆಚ್ಚು ಸವೆದಿತ್ತು. ಆದರೆ ಹೆಚ್ಚು ಜನಪ್ರಿಯವಾದದ್ದು 1986ರ ಇನ್ನೊಂದು ಪ್ರಯೋಗ. ಪೂರ್ವ ಆಫ್ರಿಕದ ಹೆಂಗಸರು ತಮ್ಮ ತೂಕದ ಐದರಲ್ಲಿ ಒಂದು ಪಾಲನ್ನು ತಲೆಯ ಮೇಲೆ ಹೊತ್ತರೂ ಹೆಚ್ಚಿನ ಶಕ್ತಿ ವ್ಯಯವಾಗುವುದಿಲ್ಲ ಎಂಬ ವಿಚಾರ. ಎಷ್ಟು ಸೊಗಸಾಗಿ ನಡೆಯುತ್ತಾರೆ ಎಂದು ಜಗತ್ತು ಮೆಚ್ಚಿತು. ನಮ್ಮಲ್ಲಿಯೂ ಹಾಗೆಯೇ. ಕೊಡ ಹೊತ್ತ ಹೆಣ್ಣಿನ ನಡಿಗೆಯನ್ನು ಹೊಗಳದ ಕವಿ ಯಾರು?

ಹಾಗಾದರೆ ನಮ್ಮಲ್ಲಿ ನಿಯಮವೇ ಬರಲಿಲ್ಲವೇ? ಬಂತು, ಬೇರೆ ಬೇರೆ ಬಾಗಿಲಿನಿಂದ ಬಂತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ಅವರ ಸಂಪುಟದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ಅದು ಮಾನದ ಪ್ರಶ್ನೆಯಾಗಿತ್ತು. ಆದರೆ ತಲೆಯ ಮೇಲೆ ಯಾವುದನ್ನು ಹೊರಿಸಬಾರದು ಎಂದು ನಮ್ಮ ರಾಜ್ಯದಲ್ಲಿ ಸರ್ಕಾರ ಮಾತಾಡಿದ್ದನ್ನು ನಾನು ಕಂಡದ್ದು ಆಗಲೇ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಗಂಡಾಳು ಹೊರುವ ಮೂಟೆ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತ್ತು. ನನ್ನ ಹುಡುಗತನದಲ್ಲಿ ಕೃಷ್ಣರಾಜನಗರದ ಅಕ್ಕಿ ಗಿರಣಿಗಳಲ್ಲಿ ಹಮಾಲರು ಕ್ವಿಂಟಲ್ ಮೂಟೆಯನ್ನು ಕತ್ತಿನ ಹಿಂಭಾಗಕ್ಕೆ ಆನಿಸಿ ಹಲಗೆ ಏರುತ್ತಿದ್ದರು. ಈಗ ಕಾಣುವುದು 50 ಕಿಲೋ ಚೀಲ. ಮನೆ ಬಾಗಿಲಿಗೆ ನಲ್ಲಿ ಬಂತು, ಅಡುಗೆ ಮನೆಗೆ ಅನಿಲ ಬಂತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಇವು ಯಾವುವೂ ಕತ್ತಿಗಾಗಿ ಬಂದವಲ್ಲ. ಬಂದದ್ದರಿಂದ ಕತ್ತುಗಳು ಉಳಿದವು. ಹೊಗೆಸೊಪ್ಪಿನ ಹೊಲದಲ್ಲಿ ಮಾತ್ರ ಹಸಿ ಎಲೆಯ ಹೊರೆ ಇನ್ನೂ ತಲೆಯ ಮೇಲೆ ಕಾಣುತ್ತದೆ.

ಅದಕ್ಕೂ ಹಿಂದೆ, ಯಂತ್ರವಿಲ್ಲದ ಕಾಲದಲ್ಲಿ, ಕತ್ತಿಗಾಗಿಯೇ ಮಾಡಿದ್ದು ಒಂದಿತ್ತು. ಹೊರೆಗಲ್ಲು. ಹಳೆಯ ಮೈಸೂರು ಸೀಮೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಗಂಬ ನೆಟ್ಟು, ಮೇಲೊಂದು ಕಲ್ಲು ಅಡ್ಡ ಹಾಸಿ, ಯಾರೋ ಪುಣ್ಯವಂತರು ಮಾಡಿಸಿ ಹೋದದ್ದು. ಅದರ ಎತ್ತರವೇ ಅದರ ಜಾಣತನ. ನಿಂತವರ ಭುಜದ ಮಟ್ಟ. ಹೊರೆ ಹೊತ್ತವರು ಮೊಣಕಾಲು ತುಸು ಬಗ್ಗಿಸಿ ಹೊರೆಯನ್ನು ಕಲ್ಲಿಗೆ ಜಾರಿಸಬಹುದು. ಸುಧಾರಿಸಿಕೊಂಡು ಮತ್ತೆ ತಾವೇ ತಲೆಗೆ ಏರಿಸಿಕೊಳ್ಳಬಹುದು. ಎತ್ತಿಕೊಡಲು ಇನ್ನೊಬ್ಬರು ಬೇಡ. ನನ್ನಂಥ ಹುಡುಗನಿಗೆ ಕೂಗಬೇಕಾಗಿಲ್ಲ. ಭುಜದ ಎತ್ತರವನ್ನು ಅಳೆದು ಕಲ್ಲು ನಿಲ್ಲಿಸಿದ ಆ ಪುಣ್ಯಾತ್ಮ ಹೊರುವವರ ಕತ್ತನ್ನು ಒಮ್ಮೆಯಾದರೂ ನಿಂತು ನೋಡಿರಬೇಕು. ಇತಿಹಾಸದ ಪಾಠದಲ್ಲಿ ನಾನು ರಣಧೀರ ಕಂಠೀರವರ ಕಥೆಯನ್ನು ಪ್ರತಿ ವರ್ಷ ಹೇಳಿದೆ. ಶಾಲೆಯಿಂದ ಅರ್ಧ ಮೈಲಿ ದೂರದಲ್ಲಿದ್ದ ಹೊರೆಗಲ್ಲಿನ ಹತ್ತಿರಕ್ಕೆ ಒಂದು ವರ್ಷವೂ ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ.

ನಮ್ಮೂರ ದಾರಿಯಲ್ಲಿಯೂ ಒಂದಿತ್ತು. ಹೋದ ಸಲ ಹೋದಾಗ ಹುಡುಕಿ ನೋಡಿದೆ. ಇದೆ. ಮಣ್ಣಿನ ದಾರಿಗೆ ಜಲ್ಲಿ ಬಂದು, ಟಾರು ಬಂದು, ಪದರದ ಮೇಲೆ ಪದರ ಏರಿ ರಸ್ತೆ ಮೇಲಾಗಿದೆ. ಭುಜದ ಮಟ್ಟಕ್ಕೆ ಇದ್ದ ಕಲ್ಲು ಈಗ ನನ್ನ ಸೊಂಟಕ್ಕೂ ಬರುವುದಿಲ್ಲ. ಬಸ್ಸು ಕಾಯುವ ಕಾಲೇಜು ಹುಡುಗಿಯರು ಅದರ ಮೇಲೆ ಕೂತು, ಪಕ್ಕದಲ್ಲಿ ಪುಸ್ತಕದ ಚೀಲ ಇಟ್ಟುಕೊಂಡು, ತಲೆ ಬಾಗಿಸಿ ಮೊಬೈಲ್ ನೋಡುತ್ತಿದ್ದರು.

ದೊಡ್ಡಪ್ಪನ ಬೆಳ್ಳಿ ಗದೆ ನಡುಮನೆಯ ಗೋಡೆಯ ಮೇಲೆ ಈಗಲೂ ಇದೆ. ಬಂದವರೆಲ್ಲ ಕೇಳುತ್ತಾರೆ, ನಾವೂ ಹೇಳುತ್ತೇವೆ. ದೊಡ್ಡಮ್ಮ 2003ರಲ್ಲಿ ತೀರಿಕೊಂಡರು. ಕಡೆಯ ವರ್ಷಗಳಲ್ಲಿ ತುತ್ತನ್ನು ನಾವೇ ಇಡಬೇಕಾಗಿತ್ತು. ಅವರ ಸಿಂಬಿ ಅಡುಗೆಮನೆಯಲ್ಲಿ ಉಳಿದುಕೊಂಡಿತ್ತು, ತಳ ದುಂಡಗಿರುವ ಹಳೆಯ ಮಡಕೆಯೊಂದು ಉರುಳದಂತೆ ಕೆಳಗೆ ಇಡುತ್ತಿದ್ದರು. ಈ ಸಲ ನಾನು ಅದನ್ನು ತೆಗೆದು, ಧೂಳು ಒದರಿ, ಗದೆಯ ಪಕ್ಕದ ಗೂಟಕ್ಕೆ ತಗುಲಿ ಹಾಕಿದೆ. ಮೊಮ್ಮಗ ರಜೆಗೆ ಬಂದಾಗ ಇದೇನು ಎಂದು ಕೇಳಿದ. ತಲೆಯ ಮೇಲೆ ಇಟ್ಟು ತೋರಿಸಿದೆ.